ಹೆಂಗಸು ಒಬ್ಬಳೇ ಇರುವ ಮನೆ

ಟ್ವೈಲಾ ಬೊಸ್ಮಾಳ ಮನೆಯ ಹಿಂದಿನ ಗ್ಯಾಸ್ ಟ್ಯಾಂಕಿನ ಮುಳ್ಳು ಸೊನ್ನೆಗೆ ಅಂಟಿಕೊಂಡಿತ್ತು. ಆರ್ಲಿನ್ ಡೆ ಗ್ರೋಟ್ ಕೈಗವಸಿನ ಬೆರಳಿನಿಂದ ಅದರ ಗಾಜನ್ನು ತಟ್ಟಿ ನೋಡಿದ. ಮುಳ್ಳು ಅಲ್ಲಾಡಲಿಲ್ಲ. ಹಿಂದಿನ ಸಂಜೆಯೇ ಗ್ಯಾಸ್ ಮುಗಿದಿರಬೇಕು. ಮನೆಯ ಹೊಗೆಕೊಳವೆಯಿಂದ ಒಂದೆಳೆ ಆವಿಯೂ ಏಳುತ್ತಿರಲಿಲ್ಲ. ದಕ್ಷಿಣ ಡಕೋಟಾದ ಬಯಲಿನಲ್ಲಿ ಜನವರಿ ನಡುವಿನ ಚಳಿ, ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗೆ. ಅದರ ಮೇಲೆ ವಾಯವ್ಯದ ಗಾಳಿ ಬೇರೆ.

ಲಾರಿಯಿಂದ ಕೊಳವೆ ಎಳೆದು ತಂದು ಟ್ಯಾಂಕಿಗೆ ಸಿಕ್ಕಿಸಿ, ತುಂಬಲು ಬಿಟ್ಟ. ತುಂಬುವುದು ಸುಲಭದ ಕೆಲಸ. ಆದರೆ ಪೂರ್ತಿ ಖಾಲಿಯಾದ ಟ್ಯಾಂಕಿಗೆ ಗ್ಯಾಸ್ ತುಂಬಿದವನು ಹಾಗೆಯೇ ಹೊರಟುಬಿಡುವಂತಿಲ್ಲ. ಕೊಳವೆಗಳಲ್ಲಿ ಎಲ್ಲೂ ಸೋರಿಕೆ ಇಲ್ಲವೆಂದು ಮಾಪಕ ಹಚ್ಚಿ ನೋಡಬೇಕು. ಆಮೇಲೆ ಮನೆಯೊಳಗೆ ಹೋಗಿ, ಮನೆ ಕಾಯಿಸುವ ಫರ್ನೇಸಿನಲ್ಲೂ ನೀರಿನ ಹೀಟರಿನಲ್ಲೂ ಆರಿಹೋದ ಉರಿಯನ್ನು ತಾನೇ ಹೊತ್ತಿಸಿ, ಅದು ನಿಂತು ಉರಿಯುವುದನ್ನು ಕಂಡೇ ಹೊರಬರಬೇಕು. ಅದಕ್ಕೆ ಬೇಕಾದ ಪರವಾನಗಿ ಆರ್ಲಿನ್ ಬಳಿ ಇತ್ತು. ಸುತ್ತಲಿನ ಮೂರು ಕೌಂಟಿಗಳಲ್ಲಿ ಅವನಷ್ಟು ಹಳಬ ಗ್ಯಾಸ್‌ನವನು ಇನ್ನೊಬ್ಬ ಇರಲಿಲ್ಲ.

ಹಿಂಬಾಗಿಲು ತೆರೆಯಿತು. ಟ್ವೈಲಾ ದಪ್ಪ ಕೋಟು ತೊಟ್ಟು, ತಲೆಗೆ ಒಂದರ ಮೇಲೊಂದು ಎರಡು ಉಣ್ಣೆ ಟೋಪಿ ಹಾಕಿಕೊಂಡಿದ್ದಳು.

"ಬನ್ನಿ ಆರ್ಲಿನ್, ಒಳಗೂ ಹೊರಗೂ ಒಂದೇ ಆಗಿಹೋಗಿದೆ. ಬೂಟು ಬಿಚ್ಚೋದೂ ಬೇಡ."

ಆರ್ಲಿನ್ ಮೆಟ್ಟಿಲ ಕೆಳಗೇ ನಿಂತ. "ಮನೇಲಿ ಇನ್ಯಾರಾದ್ರೂ ಇದ್ದಾರಾ?"

"ಬೆಕ್ಕಿದೆ. ಅದಕ್ಕೂ ಚಳಿ."

"ಹಾಗಾದ್ರೆ ನಮ್ಮ ಕಂಪನಿಯ ಕರ್ಟ್‌ನ ಕಳಿಸ್ತೀನಿ. ಅವನು ಬಂದು ಹಚ್ಚಿಕೊಡ್ತಾನೆ."

"ಯಾಕೆ, ನಿಮಗೆ ಹಚ್ಚೋಕೆ ಬರಲ್ವಾ?"

"ಬರುತ್ತೆ."

"ಮತ್ತೆ?"

"ನಮ್ಮದೊಂದು ನಿಯಮ ಇದೆ." ಅವನು ಅವಳ ಬೂಟುಗಳನ್ನು ನೋಡುತ್ತ ಹೇಳಿದ.

ಅವಳಿಗೆ ಅರ್ಥವಾಗದೆ ಇರಲಿಲ್ಲ. ಇಬ್ಬರೂ ಒಂದೇ ಚರ್ಚಿನವರು.

"ಓ, ಅದಾ," ಎಂದಳು. "ಸರಿ, ಹೀಗೆ ಮಾಡಿ. ನಾನು ಹೊರಗೆ ಬಂದು ಅಂಗಳದಲ್ಲಿ ನಿಂತಿರ್ತೀನಿ. ನೀವೊಬ್ರೇ ಒಳಗೆ ಹೋಗಿ ಹಚ್ಚಿ ಬನ್ನಿ."

"ಈ ಚಳೀಲಿ ಅದೆಲ್ಲ ಬೇಡ. ಕರ್ಟ್ ಮಧ್ಯಾಹ್ನದ ಹೊತ್ತಿಗೆ ಬರ್ತಾನೆ."

ಬಾಗಿಲು ಮುಚ್ಚಿಕೊಂಡಿತು. ಆರ್ಲಿನ್ ಟ್ಯಾಂಕಿನ ಕವಾಟ ತಿರುಗಿಸಿ ಮುಚ್ಚಿದ. ತೆರೆಯಬಾರದೆಂದು ಬರೆದ ಕೆಂಪು ಪಟ್ಟಿಯನ್ನು ತಂತಿಯಿಂದ ಅದಕ್ಕೆ ಬಿಗಿದ. ಲಾರಿಗೆ ಹತ್ತಿ ರೇಡಿಯೋದಲ್ಲಿ ಕಚೇರಿಯ ಆರ್ಡಿಸ್‌ಗೆ ವಿಷಯ ತಿಳಿಸಿದ.

"ಕರ್ಟ್‌ನ ಕೈಯಲ್ಲಿ ಆಗಲೇ ಎರಡು ಮನೆ ಇವೆ ಮಾರಾಯ," ಎಂದಳು ಆರ್ಡಿಸ್. "ನಿನಗೆ ಏನು ತೊಂದ್ರೆ?"

"ಒಬ್ಬರೇ ಇದ್ದಾರೆ."

ಆ ಕಡೆಯಿಂದ ಉಸಿರು ಬಿಟ್ಟ ಸದ್ದು ಕೇಳಿಸಿತು. "ಹೋಗಲಿ ಬಿಡು. ನಿನ್ನ ಮಾನ ಕಾಯೋದೂ ನನ್ನ ಕೆಲಸಾನೇ. ಸಂಬಳದಲ್ಲಿ ಮಾತ್ರ ಸೇರಿಸಿಲ್ಲ."

ಆರ್ಲಿನ್‌ನ ಈ ನಿಯಮ ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಹೆಂಗಸು ಒಬ್ಬಳೇ ಇರುವ ಮನೆಯೊಳಗೆ ಅವನು ಕಾಲಿಡುತ್ತಿರಲಿಲ್ಲ. ಹೆಂಡತಿಯಲ್ಲದ ಹೆಂಗಸನ್ನು ಒಂಟಿಯಾಗಿ ಗಾಡಿಗೆ ಹತ್ತಿಸಿಕೊಳ್ಳುತ್ತಿರಲಿಲ್ಲ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಆರ್ಡಿಸ್ ಜೊತೆಗೂ ಕೂರುತ್ತಿರಲಿಲ್ಲ, ಅವಳಿಗೆ ಅರವತ್ತು ದಾಟಿದ್ದರೂ. ಚರ್ಚಿನ ಗಂಡಸರ ಕೂಟದಲ್ಲಿ ಅವನೂ ಇತರರೂ ಕೂಡಿ ಕೊಟ್ಟುಕೊಂಡ ಮಾತು ಅದು. ಶನಿವಾರ ಬೆಳಿಗ್ಗೆ ಚರ್ಚಿನ ನೆಲಮಾಳಿಗೆಯಲ್ಲಿ ಮೊಟ್ಟೆ, ಸಾಸೇಜು, ತೆಳು ಕಾಫಿ. ತಿಂಡಿಯಾದ ಮೇಲೆ ಇಬ್ಬಿಬ್ಬರಾಗಿ ಕುರ್ಚಿ ಎಳೆದುಕೊಂಡು, ಆ ವಾರ ಕಣ್ಣು ಎಲ್ಲಿ ಹೋಯಿತು, ಮನಸ್ಸು ಎಲ್ಲಿ ಹೋಯಿತು ಎಂದು ಒಬ್ಬರನ್ನೊಬ್ಬರು ಕೇಳುವುದು. ಕೊನೆಯ ಪ್ರಶ್ನೆ ಎಲ್ಲರಿಗೂ ಒಂದೇ: ಈಗ ಹೇಳಿದ್ದರಲ್ಲಿ ಸುಳ್ಳೇನಾದರೂ ಇದೆಯೇ?

ಆರ್ಲಿನ್‌ನ ಜೊತೆಗಾರ ವರ್ನ್ ಹೌಸ್ಮನ್, ಎಪ್ಪತ್ತರ ಹತ್ತಿರದ ಹೈನುಗಾರ. ಕೆಲವು ವರ್ಷಗಳ ಹಿಂದೆ ಆರ್ಲಿನ್‌ನ ಫೋನಿನಲ್ಲಿ ಎಂಥ ಚಿತ್ರಗಳಿವೆ ಎಂದು ಅವನ ಹೆಂಡತಿ ಜೋಲೀನ್ ಕಂಡುಕೊಂಡಾಗ, ಅವಳು ಅತ್ತು ತನ್ನ ಅಕ್ಕನ ಮನೆಗೆ ಹೊರಟುಹೋದಾಗ, ಆರ್ಲಿನ್ ಲಾರಿ ನಿಲ್ಲಿಸುವ ಶೆಡ್ಡಿನಲ್ಲಿ ಸುಮ್ಮನೆ ಕೂತುಬಿಟ್ಟಿದ್ದ. ಹಾಲು ಕರೆಯುವುದನ್ನು ಮಗನಿಗೆ ಬಿಟ್ಟು ಬಂದು ಅವನ ಪಕ್ಕದಲ್ಲಿ ಕೂತವನು ವರ್ನ್. ಉಪದೇಶ ಮಾಡಲಿಲ್ಲ. ಊಟ ತಂದಿದ್ದ. ಜೋಲೀನ್ ವಾಪಸು ಬಂದದ್ದೂ ವರ್ನ್‌ನ ಮಾತಿಗೆ ಬೆಲೆ ಕೊಟ್ಟು. ಅಂದಿನಿಂದ ವರ್ನ್ ಹೇಳಿದ್ದನ್ನು ಆರ್ಲಿನ್ ಮೀರಿದ್ದಿಲ್ಲ.

ಹೆಂಗಸರ ಕಡೆಯಿಂದ ಕಣ್ಣು ತಿರುಗಿಸುವುದನ್ನು ಕಲಿಸಿದ್ದೂ ವರ್ನೇ. ಮೊದಮೊದಲು ಅದು ಕಷ್ಟವಾಗಿತ್ತು, ಆಮೇಲೆ ಉಸಿರಾಟದಂತೆ ತಾನಾಗಿ ಬರತೊಡಗಿತು. ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ಗಿರಾಕಿಗಳ ಬಾಗಿಲಲ್ಲಿ ಆರ್ಲಿನ್ ನೆಲ ನೋಡಿ ಮಾತಾಡುತ್ತಿದ್ದ. ಆಸೆ ಸದ್ದಡಗಿತು. ಅದರ ಜೊತೆಗೆ ಇನ್ನೂ ಒಂದೊಂದೇ ಅಡಗುತ್ತಾ ಬಂದವು. ಕಾಫಿ ಬಿಸಿ ಇದೆಯೋ ಇಲ್ಲವೋ ಎಂಬುದಷ್ಟೇ ತಿಳಿಯುತ್ತಿತ್ತು, ರುಚಿ ತಿಳಿಯುತ್ತಿರಲಿಲ್ಲ. ಅಪ್ಪನನ್ನು ಮಣ್ಣು ಮಾಡಿದ ದಿನ ಪಕ್ಕದವರೆಲ್ಲ ಅಳುತ್ತಿದ್ದರೆ ಇವನು ಗುಂಡಿಯ ಅಂಚು ಎಷ್ಟು ನೇರವಾಗಿ ಕಡಿದಿದ್ದಾರೆಂದು ನೋಡುತ್ತಿದ್ದ. ಇದು ದೇವರು ಕೊಟ್ಟ ಸಮಾಧಾನ ಎಂದೇ ತಿಳಿದಿದ್ದ. ಚರ್ಚಿನ ಸೇವೆ ನೋಡಿಕೊಳ್ಳುವ ಡೀಕನ್ ಆಗಿ ಆರಿಸಿದಾಗಲೂ ಹಾಗೇ ಹೇಳಿ ವಂದನೆ ಸಲ್ಲಿಸಿದ್ದ.

ಟ್ವೈಲಾ ಗಂಡನಿಂದ ಬಿಡುಗಡೆ ಪಡೆದು ಈ ಊರಿಗೆ ಬಂದದ್ದು ಹಿಂದಿನ ಶರತ್ಕಾಲದಲ್ಲಿ. ಚರ್ಚಿನಲ್ಲಿ ಹಾಡುವವರ ಗುಂಪಿಗೆ ಸೇರಿದಳು. ಒಂದು ಭಾನುವಾರ ಹಾಡಿನ ಪುಟ ತಿರುಗಿಸಲು ಅವಳು ತಲೆ ಬಗ್ಗಿಸಿದಾಗ, ಆರ್ಲಿನ್‌ಗೆ ಅವಳ ಕತ್ತಿನ ಹಿಂಬದಿ ಕಣ್ಣಿಗೆ ಬಿತ್ತು. ಅಷ್ಟೇ. ಸತ್ತಿದೆ ಎಂದುಕೊಂಡದ್ದು ಸತ್ತಿರಲಿಲ್ಲ. ಆ ಶನಿವಾರ ಅವನು ವರ್ನ್‌ಗೆ ಅವಳ ಹೆಸರು ಹೇಳಿದ. ವರ್ನ್ ಗದರಲಿಲ್ಲ. "ಆ ಮನೆ ಹೊಸ್ತಿಲು ಮಾತ್ರ ತುಳೀಬೇಡ ತಮ್ಮಾ," ಎಂದಿದ್ದ.

ಹೀಗಾಗಿ ಆರ್ಲಿನ್ ತುಳಿಯಲಿಲ್ಲ.

ಕರ್ಟ್ ಮಧ್ಯಾಹ್ನಕ್ಕೆ ಬರಲಿಲ್ಲ. ಮೊದಲನೆಯ ಮನೆಯಲ್ಲಿ ಕೊಳವೆ ಒಡೆದಿತ್ತು. ಟ್ವೈಲಾ ಕಾದಳು. ಅಡುಗೆಮನೆಯ ನಲ್ಲಿಯಲ್ಲಿ ನೀರು ಹೆಪ್ಪುಗಟ್ಟಿದಾಗ, ಇನ್ನು ಗೋಡೆಯೊಳಗಿನ ಕೊಳವೆಯೂ ಒಡೆಯುತ್ತದೆಂದು ಹೆದರಿ, ಹೊರಗೆ ಹೋಗಿ ಇಕ್ಕಳದಿಂದ ಕೆಂಪು ಪಟ್ಟಿಯ ತಂತಿ ಕತ್ತರಿಸಿ ಕವಾಟ ತೆರೆದಳು. ಬೆಳಿಗ್ಗೆ ತಾನೇ ಉರಿ ಹಚ್ಚಲು ನೋಡಿ, ಹೀಟರಿಗೆ ಗ್ಯಾಸ್ ಬಿಡುವ ಗುಬುಟನ್ನು ತೆರೆದೇ ಬಿಟ್ಟಿದ್ದಳು. ಅದು ಅವಳಿಗೆ ನೆನಪಿರಲಿಲ್ಲ. ಈ ಗ್ಯಾಸು ಗಾಳಿಗಿಂತ ಭಾರ, ನೆಲದ ಮೇಲೆ ನೀರಿನಂತೆ ಹರಡಿ ನಿಲ್ಲುತ್ತದೆ. ಅದಕ್ಕೆ ಬೆರೆಸಿರುವ ವಾಸನೆ ಚಳಿಗೆ ಕಟ್ಟಿದ ಮೂಗಿಗೆ ಹತ್ತಲಿಲ್ಲ. ಅವಳು ನೆಲಮಾಳಿಗೆಗಿಳಿದು, ಹೀಟರಿನ ಮುಂದೆ ಮಂಡಿಯೂರಿ ಬೆಂಕಿಕಡ್ಡಿ ಗೀರಿದಳು.

ಆರ್ಡಿಸ್ ರೇಡಿಯೋದಲ್ಲಿ ಸುದ್ದಿ ಹೇಳಿದಾಗ ಆರ್ಲಿನ್ ಒಂದು ಕವಲುದಾರಿಯ ಪಕ್ಕದಲ್ಲಿ ಲಾರಿ ನಿಲ್ಲಿಸಿಕೊಂಡು ಬುತ್ತಿ ತಿನ್ನುತ್ತಿದ್ದ. "ಎರಡೂ ಕೈ ಸುಟ್ಟಿವೆ," ಎಂದಳು. "ಮುಖಕ್ಕೂ ಸ್ವಲ್ಪ ತಾಗಿದೆ. ಜೀವಕ್ಕೇನೂ ಇಲ್ಲವಂತೆ. ಸೂ ಫಾಲ್ಸ್‌ನ ಆಸ್ಪತ್ರೆಗೆ ಕರ್ಕೊಂಡು ಹೋದ್ರು." ಆಮೇಲೆ, "ಆರ್ಲಿನ್, ಕೇಳಿಸ್ತಾ ಇದೆಯಾ?"

"ಕೇಳಿಸ್ತು."

ಅವನು ಕೈಯಲ್ಲಿ ಉಳಿದಿದ್ದ ಅರ್ಧ ಸ್ಯಾಂಡ್‌ವಿಚ್ಚನ್ನು ತಿಂದು ಮುಗಿಸಿದ. ಚೂರುಗಳನ್ನು ಮಡಿಲಿನಿಂದ ಕೊಡವಿದ. ಲಾರಿ ಚಾಲೂ ಮಾಡಿ ಮುಂದಿನ ಮನೆಗೆ ಹೊರಟ.

ಕಂಪನಿ ವಿಚಾರಿಸಿತು. ಕವಾಟ ಮುಚ್ಚಿತ್ತು, ಪಟ್ಟಿ ಕಟ್ಟಿತ್ತು, ಕಟ್ಟಿದ ತಂತಿಯನ್ನು ಗಿರಾಕಿಯೇ ಕತ್ತರಿಸಿದ್ದಾಳೆ. ಆರ್ಲಿನ್‌ದು ತಪ್ಪಿಲ್ಲ ಎಂದು ತೀರ್ಮಾನವಾಯಿತು. ಮ್ಯಾನೇಜರು ಅವನ ಬೆನ್ನು ತಟ್ಟಿ ಕಳಿಸಿದ.

ಶನಿವಾರ ಗಂಡಸರ ಕೂಟದಲ್ಲಿ ವಿಷಯ ಬಂದೇ ಬಂತು. ಅಲ್ಲಿಯ ಮಾತಿನಲ್ಲೂ ತೀರ್ಮಾನ ಅದೇ.

"ಪಟ್ಟಿ ಕಟ್ಟಿರೋದನ್ನ ಕಿತ್ತರೆ ಯಾರೇನು ಮಾಡೋಕಾಗುತ್ತೆ," ಎಂದ ಒಬ್ಬ.

"ಅಲ್ವೋ, ಅವಳ ಮನೇಲಿ ಸಿಡಿದದ್ದು ಬರೀ ಹೀಟರು," ಎಂದ ಲೈಲ್ ಎಂಬವನು, ಸಾಸೇಜು ಚುಚ್ಚಿಕೊಳ್ಳುತ್ತ. "ನಮ್ಮ ಆರ್ಲಿನ್ ಒಳಗಿದ್ದಿದ್ರೆ ಇನ್ನೇನೇನು ಸಿಡೀತಿತ್ತೋ!"

ನಾಲ್ಕೈದು ಜನ ನಕ್ಕರು. ಆರ್ಲಿನ್‌ನ ಬಾಯಿಯೂ ನಗುವಿನ ಆಕಾರಕ್ಕೆ ಬಂತು.

"ಬಾಯಿ ಮುಚ್ಚು ಲೈಲ್," ಎಂದ ವರ್ನ್. "ಆಸ್ಪತ್ರೇಲಿ ಮಲಗಿರೋ ಹೆಂಗಸು ಅವಳು." ಆಮೇಲೆ ಕುರ್ಚಿ ಎಳೆದುಕೊಂಡು ಆರ್ಲಿನ್‌ನ ಎದುರು ಕೂತ. ದನಿ ಇಳಿಸಿದ. "ಆದ ಅನಾಹುತ ಬೇರೆ, ನೀನು ಮಾಡಿದ್ದು ಬೇರೆ. ಹೆಸರು ಹೇಳಿ ನನ್ನ ಹತ್ರ ಒಪ್ಕೊಂಡಿದ್ದೆ. ಬಾಗಿಲು ತೆರೆದಿತ್ತು, ಕರೆದರು, ನೀನು ಹೋಗಲಿಲ್ಲ. ಓಡಿಹೋಗಬೇಕಾದ ಜಾಗದಿಂದ ಓಡಿದೆ. ಮುಂದಿನ ತಿಂಗಳು ಕೌಂಟಿಯ ಎಲ್ಲ ಚರ್ಚಿನ ಹುಡುಗರೂ ಸೇರ್ತಾರಲ್ಲ, ಅಲ್ಲಿ ನೀನು ಮಾತಾಡಬೇಕು. ಅವಳ ಹೆಸರು ಬೇಡ. ನಿಂದು ಮಾತ್ರ ಹೇಳು."

"ನೋಡೋಣ," ಎಂದ ಆರ್ಲಿನ್.

"ನಿನ್ನ ಮನಸ್ಸು ಹೇಗಿದೆ ಈಗ?"

"ಏನೂ ಇಲ್ಲ."

"ಒಳ್ಳೇದು," ಎಂದ ವರ್ನ್. ಆಮೇಲೆ ಅವನ ಮುಖವನ್ನು ಇನ್ನೊಂದು ಕ್ಷಣ ನೋಡಿದ.

ಜೋಲೀನ್ ಮಾತ್ರ ಸೂ ಫಾಲ್ಸ್‌ಗೆ ಹೋಗಿಬಂದಳು. ಚರ್ಚಿನ ಹೆಂಗಸರು ಕಾರ್ಡಿಗೆ ಸಹಿ ಹಾಕಿ ಕೊಟ್ಟಿದ್ದರು, ಅದನ್ನು ತಲುಪಿಸುವ ನೆಪ. ಸಂಜೆ ಬಂದವಳು ಕೋಟು ಬಿಚ್ಚಿ, ಅಡುಗೆಮನೆಯಲ್ಲಿ ಆಲೂಗೆಡ್ಡೆ ಹೆಚ್ಚಲು ಕೂತಳು. ಆರ್ಲಿನ್ ಬಂದು ಎದುರು ಕುಳಿತ.

"ಹೇಗಿದ್ದಾಳೆ?"

"ತೊಡೆ ಚರ್ಮ ತೆಗೆದು ಕೈಗೆ ಹಾಕಿದ್ದಾರೆ. ಬೆರಳು ಉಳಿದಿವೆ. ಬಿಸಿ, ತಣ್ಣಗೆ ಅಂತ ಗೊತ್ತಾಗೋಕೆ ವರ್ಷ ಬೇಕಂತೆ. ಗೊತ್ತಾಗದೇನೂ ಇರಬಹುದಂತೆ." ಚಾಕು ನಿಲ್ಲಲಿಲ್ಲ. "ಅವಳು ನನ್ನ ಒಂದೇ ಪ್ರಶ್ನೆ ಕೇಳಿದ್ಲು. ನಿನ್ನ ಗಂಡ ನನ್ನಲ್ಲಿ ಏನು ನೋಡಿದ ಅಂತ."

ಆರ್ಲಿನ್ ಮೇಜಿನ ಮೇಲಿದ್ದ ಸಿಪ್ಪೆ ನೋಡಿದ.

"ಗಂಡನ್ನ ಬಿಟ್ಟವಳು, ಅದಕ್ಕೇ ಅವನು ಹೆದರಿದ್ದು ಅಂತ ಅನ್ಕೊಂಡಿದ್ದಾಳೆ. ಚರ್ಚಲ್ಲಿ ಎಲ್ಲರೂ ಅವಳನ್ನ ಅಂಥವಳು ಅಂತಾನೇ ಮಾತಾಡ್ಕೋತೀವಿ ಅಂತ ಅನ್ಕೊಂಡಿದ್ದಾಳೆ. ಇನ್ನು ಬರಲ್ಲ ಅಂದ್ಲು. ಕಾರ್ಡು ತೆಗೆದು ಓದ್ಲೂ ಇಲ್ಲ. ಓದೋಕೆ ಕೈ ಬೇಕಲ್ಲ, ನಾನೇ ತೆಗೆದು ಹಿಡಿದೆ. ಕಣ್ಣು ಮುಚ್ಕೊಂಡ್ಲು."

"ನಿಯಮ ಅಂತ ಹೇಳಿದ್ದೆ ನಾನು."

"ಹೇಳಿದ್ಲು, ನೀನು ಹಾಗೆ ಹೇಳಿದೆ ಅಂತ." ಜೋಲೀನ್ ಇನ್ನೊಂದು ಆಲೂಗೆಡ್ಡೆ ತೆಗೆದುಕೊಂಡಳು. "ನಾನು ಮನೇಲೇ ಇದ್ದೆ ಅವತ್ತು. ಅವಳ ಮನೆ ಎಷ್ಟು ದೂರ? ಒಂದು ಫೋನ್ ಮಾಡಿದ್ರೆ ನಾನು ಬಂದು ಅವಳ ಅಡುಗೆಮನೇಲಿ ಕೂತಿರ್ತಿದ್ದೆ, ನೀನು ಕೆಳಗೆ ಹೋಗಿ ಹಚ್ಚಿ ಬರ್ತಿದ್ದೆ. ನಿನ್ನ ನಿಯಮಕ್ಕೂ ಏನೂ ಆಗ್ತಿರಲಿಲ್ಲ."

ಆರ್ಲಿನ್ ಯೋಚಿಸಿದ. ಅದು ನಿಜ. ಇಷ್ಟು ದಿನದಲ್ಲಿ ಒಂದು ಸಲವೂ ಅವನ ತಲೆಗೆ ಬಂದಿರಲಿಲ್ಲ.

"ಹೊಳೀಲಿಲ್ಲ," ಎಂದ.

"ಅವಳು ನಡುಗ್ತಿದ್ಲಾ?"

"ಗೊತ್ತಿಲ್ಲ."

"ತುಟಿ ನೀಲಿ ಆಗಿತ್ತಾ? ಬೆಳಿಗ್ಗೆಯಿಂದ ಏನಾದ್ರೂ ತಿಂದಿದ್ಲಾ?"

"ನೋಡ್ಲಿಲ್ಲ ಜೋ. ನಾನು ನೋಡಲೇ ಇಲ್ಲ."

ಜೋಲೀನ್ ಚಾಕು ಕೆಳಗಿಟ್ಟಳು. ಅಳಲಿಲ್ಲ, ದನಿಯನ್ನೂ ಏರಿಸಲಿಲ್ಲ. ಆರ್ಲಿನ್‌ಗೆ ಹೇಳಿಬಿಡಬೇಕೆನಿಸಿತು, ಹೇಳಿದ. "ವರ್ನ್ ಹತ್ರ ಅವಳ ಹೆಸರು ಹೇಳಿದ್ದೆ. ಶರತ್ಕಾಲದಲ್ಲಿ."

"ಗೊತ್ತು."

"ವರ್ನ್ ಹೇಳಿದ್ರಾ?"

"ವರ್ನ್ ಯಾಕೆ ಹೇಳ್ತಾರೆ. ಅವರೆಲ್ಲ ಹಾಡೋಕೆ ನಿಂತಾಗ ನೀನು ನೆಲ ನೋಡ್ತೀಯ. ಬೇರೆ ಯಾವ ಹೆಂಗಸಿಗೂ ನೀನು ಅಷ್ಟು ಕಷ್ಟಪಟ್ಟು ನೆಲ ನೋಡಲ್ಲ." ಅವಳು ಆಲೂಗೆಡ್ಡೆ ಹೋಳುಗಳನ್ನು ಪಾತ್ರೆಗೆ ಸುರಿದಳು. "ನನ್ನ ಮುಖಾನೂ ನೀನು ನೋಡಿ ಬಹಳ ದಿನ ಆಯ್ತು, ಆರ್ಲಿನ್. ಅದನ್ನ ಯಾವ ಶನಿವಾರಾನೂ ಯಾರೂ ಕೇಳಿಲ್ಲ ಅಂತ ಕಾಣುತ್ತೆ."

ಅವನಿಗೆ ಏನಾದರೂ ಅನ್ನಿಸಬೇಕಾಗಿತ್ತು. ಒಳಗೆ ಹುಡುಕಿ ನೋಡಿದ. ಚಳಿಗಾಲದ ಟ್ಯಾಂಕನ್ನು ಹೊರಗಿನಿಂದ ಬಡಿದು ನೋಡಿದಂತಾಯಿತು. ಒಳಗೆ ಇದೆಯೋ ಇಲ್ಲವೋ, ಸದ್ದಿನಿಂದ ಹೇಳಲಾಗಲಿಲ್ಲ.

ಟ್ವೈಲಾ ಮನೆಗೆ ಮರಳಿದ್ದು ಫೆಬ್ರವರಿ ಮುಗಿಯುವ ಹೊತ್ತಿಗೆ. ಕರ್ಟ್ ಹೊಸ ಹೀಟರು ಕೂರಿಸಿದ್ದ, ಫರ್ನೇಸನ್ನು ರಿಪೇರಿ ಮಾಡಿದ್ದ, ಆದರೆ ಮನೆಯಲ್ಲಿ ಯಾರೂ ಇಲ್ಲದ್ದರಿಂದ ಗ್ಯಾಸ್ ಬಿಟ್ಟಿರಲಿಲ್ಲ. ಅಷ್ಟರಲ್ಲಿ ಅವನು ಮಂಡಿಯ ಶಸ್ತ್ರಚಿಕಿತ್ಸೆಗೆಂದು ರಜೆ ಹಾಕಿದ. ಅವಳು ಮರಳಿದ ದಿನ ಬೆಳಿಗ್ಗೆ ಆರ್ಡಿಸ್ ಆರ್ಲಿನ್‌ನನ್ನು ಕಚೇರಿಯ ಕಿಟಕಿಯ ಬಳಿಗೆ ಕರೆದಳು.

"ಬೊಸ್ಮಾ ಮನೆ. ಅವಳ ತಂಗಿ ಕರ್ಕೊಂಡು ಬಂದಿದ್ದಾಳೆ. ಮಧ್ಯಾಹ್ನ ತಂಗಿ ಔಷಧಿ ತರೋಕೆ ಹೋಗ್ತಾಳಂತೆ. ಬೆಳಿಗ್ಗೇನೇ ಹೋಗು ಅನ್ನೋಣ ಅಂದ್ರೆ ನೀನು ಬೆಳಿಗ್ಗೆ ಆಸ್ಪತ್ರೆ, ಶಾಲೆ ಎರಡಕ್ಕೂ ಗ್ಯಾಸ್ ತುಂಬೋದಿದೆ." ಕನ್ನಡಕದ ಮೇಲಿಂದ ಅವನನ್ನು ನೋಡಿದಳು. "ಬೇರೆ ಊರಿನ ಡಿಪೋದಿಂದ ಯಾರನ್ನಾದ್ರೂ ಕೇಳಲಾ? ನಾಳೆ ಆಗುತ್ತೆ. ಇವತ್ತು ಅವರು ಬೇರೆ ಎಲ್ಲಾದ್ರೂ ಮಲಗಬೇಕು."

"ಬೇಡ. ನಾನೇ ಹೋಗ್ತೀನಿ."

ಲಾರಿಯಲ್ಲಿ ಕೂತು ಜೋಲೀನ್‌ಗೆ ಫೋನ್ ಮಾಡಿದ. ಜೊತೆಗೆ ಬರುತ್ತೀಯಾ ಎಂದು ಕೇಳಿದ.

"ಇಲ್ಲ," ಎಂದಳು ಜೋಲೀನ್. "ಅವತ್ತು ಕರೆದಿದ್ರೆ ಅವಳಿಗೋಸ್ಕರ ಬರ್ತಿದ್ದೆ. ಇವತ್ತು ನೀನು ಕರೀತಿರೋದು ನಿನ್ನ ಕಣ್ಣು ಕಾಯೋಕೆ. ಅದಕ್ಕೆ ನಾನು ಬರಲ್ಲ. ಒಬ್ಬನೇ ಹೋಗು."

"ನಿನಗೆ ಪರವಾಗಿಲ್ವಾ?"

"ಕಷ್ಟವಾಗುತ್ತೆ. ಆದ್ರೂ ಹೋಗು."

ಮಾತು ಕೊಟ್ಟ ಮೇಲೆ ಕದ್ದು ಮಾಡುವುದು ಆಗದು. ವರ್ನ್‌ಗೂ ಫೋನ್ ಮಾಡಿದ. ಹಿನ್ನೆಲೆಯಲ್ಲಿ ಹಾಲು ಕರೆಯುವ ಯಂತ್ರ ತೊಳೆಯುವ ಸದ್ದು.

"ತಡಿ, ನಾನೂ ಬರ್ತೀನಿ," ಎಂದ ವರ್ನ್. "ಲಾರೀಲಿ ಕೂತಿರ್ತೀನಿ, ಒಳಗೂ ಬರಲ್ಲ."

"ಬೇಡ ವರ್ನ್."

"ಯಾಕೆ ಬೇಡ?"

"ಅವಳಿಗೆ ಒಂದು ಮಾತು ಹೇಳೋದಿದೆ. ಕಾವಲು ಇಟ್ಕೊಂಡು ಹೇಳಿದ್ರೆ ಅದು ಮತ್ತೆ ಅದೇ ಆಗುತ್ತೆ."

ಯಂತ್ರದ ಸದ್ದು ನಿಂತಿತು. "ಕೇಳು ತಮ್ಮಾ. ಹೆಸರು ಹೇಳಿ ಒಪ್ಕೊಂಡ ಹೆಂಗಸಿನ ಮನೆಗೆ ಒಬ್ಬನೇ ಹೋಗ್ತೀನಿ ಅಂತೀಯ. ನಾನು ಚರ್ಚಿನ ಹಿರಿಯರಿಗೆ ಹೇಳಲೇಬೇಕಾಗುತ್ತೆ. ಡೀಕನ್ ಪದವಿ ಬಿಡು ಅಂತಾರೆ. ಶನಿವಾರ ನಿನ್ನ ಎದುರು ಕೂತ್ಕೊಳೋಕೆ ನನಗೂ ಆಗಲ್ಲ. ಇದು ಸಿಟ್ಟಲ್ಲ. ನಾವಿಬ್ರೂ ಹೀಗೇ ಅಂತ ಮಾತು ಕೊಟ್ಟಿದ್ದೀವಿ."

"ಗೊತ್ತು."

"ಮತ್ತೆ ಬಿದ್ದೆ ಅಂದ್ರೆ? ಅವತ್ತು ಶೆಡ್ಡಲ್ಲಿ ನಿನ್ನ ನೋಡಿದವನು ನಾನು. ಇನ್ನೊಂದು ಸಲ ಎತ್ತೋಕೆ ನನಗೆ ವಯಸ್ಸಿಲ್ಲ."

"ಅದೂ ಗೊತ್ತು ವರ್ನ್."

"ದೇವರು ಕಾಯಲಿ," ಎಂದು ವರ್ನ್ ಫೋನ್ ಇಟ್ಟ. ಅದರಲ್ಲಿ ಚುಚ್ಚು ಇರಲಿಲ್ಲ. ಹಾಗಾಗಿ ಇನ್ನೂ ಭಾರವಾಯಿತು. ಶನಿವಾರದ ಆ ಕುರ್ಚಿ ಇಲ್ಲದೆ ತಾನು ಹೇಗೆ ಇರುತ್ತೇನೆ ಎಂದು ಆರ್ಲಿನ್‌ಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಅವನು ಎದ್ದು ನಿಂತದ್ದೇ ಅದನ್ನು ಹಿಡಿದುಕೊಂಡು.

ಅವನು ಹೋದಾಗ ತಂಗಿಯ ಗಾಡಿ ಅಂಗಳದಲ್ಲಿ ಇರಲಿಲ್ಲ. ಹಿಮದಲ್ಲಿ ಚಕ್ರದ ಹೊಸ ಗುರುತು ಇತ್ತು. ಆರ್ಲಿನ್ ಟ್ಯಾಂಕಿನ ಮುಚ್ಚಳ ಎತ್ತಿ, ಮಾಪಕ ಸಿಕ್ಕಿಸಲು ಕೈಗವಸು ಬಿಚ್ಚಿದ. ಸಣ್ಣ ತಿರುಪುಗಳ ಕೆಲಸಕ್ಕೆ ಗವಸು ಆಗದು. ಕವಾಟ ತೆರೆದು, ಮತ್ತೆ ಮುಚ್ಚಿ, ಮುಳ್ಳು ಇಳಿಯುತ್ತದೆಯೇ ಎಂದು ಬರಿಗೈಯಲ್ಲಿ ನಿಂತು ಕಾದ. ಇಳಿಯಲಿಲ್ಲ. ಕವಾಟ ಪೂರ್ತಿ ತೆರೆದು, ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದ.

"ತೆಗೆದೇ ಇದೆ," ಎಂದಿತು ಒಳಗಿನಿಂದ ದನಿ. "ನನಗೆ ಹಿಡಿ ತಿರುಗಿಸೋಕಾಗಲ್ಲ."

ಅವನು ಒಳಗೆ ಹೋಗಿ ಬೂಟು ಬಿಚ್ಚಿದ. ಟ್ವೈಲಾ ಅಡುಗೆಮನೆಯ ಮೇಜಿನ ಹಿಂದೆ ಕೋಟು ಹೊದ್ದು ಕೂತಿದ್ದಳು. ಎರಡು ಕೈಗಳೂ ಮೊಣಕೈವರೆಗೆ ಬಿಳಿ ಬಟ್ಟೆಯಲ್ಲಿ, ಮೇಜಿನ ಮೇಲೆ, ಬೇರೆ ಯಾರದೋ ಸಾಮಾನು ಇಟ್ಟಂತೆ. ಬೆಕ್ಕು ಪಕ್ಕದ ಕುರ್ಚಿಯಲ್ಲಿತ್ತು.

"ಒಬ್ಬರೇ ಬಂದ್ರಾ? ಪೊಲೀಸು, ಪಾದ್ರಿ, ಯಾರೂ ಇಲ್ವಾ?"

"ಒಬ್ಬನೇ."

"ನಿಮ್ಮ ನಿಯಮ?"

"ಮುರಿದೆ."

"ನನಗೋಸ್ಕರ ಏನೂ ಮುರೀಬೇಡಿ. ಕೆಳಗೆ ದೀಪ ಹಾಕಿದೆ, ಹೋಗಿ."

ನೆಲಮಾಳಿಗೆಯ ಒಂದು ಕಿಟಕಿಗೆ ಹಲಗೆ ಹೊಡೆದಿತ್ತು. ಗೋಡೆಗೆ ಹೊಸದಾಗಿ ಸುಣ್ಣ ಬಳಿದಿದ್ದರೂ ಹೀಟರಿನ ಹಿಂದೆ ಮಸಿ ಉಳಿದಿತ್ತು. ಆರ್ಲಿನ್ ಕೆಲಸ ಮಾಡಿದ. ಕೊಳವೆಯ ಪ್ರತಿ ಜೋಡಣೆಗೂ ಸಾಬೂನು ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡಿದ. ಫರ್ನೇಸು ಚಾಲೂ ಮಾಡಿದ. ಹೀಟರಿನ ಮುಂದೆ ಕಾಂಕ್ರೀಟಿನ ಮೇಲೆ ಮಂಡಿಯೂರಿದ. ಅವಳೂ ಇಲ್ಲೇ ಮಂಡಿಯೂರಿದ್ದು. ಉರಿ ಹೊತ್ತಿತು, ನೀಲಿಯಾಗಿ ನಿಂತಿತು. ಅವನು ಎದ್ದು ಹೋಗಬಹುದಿತ್ತು. ಅಲ್ಲೇ ಇದ್ದು ಒಂದು ಸಾಲು ಪ್ರಾರ್ಥನೆ ಮಾಡಿದ. ಯಾವಾಗಲೂ ಮಾಡುವ, ನನ್ನಿಂದ ಇದನ್ನು ತೆಗೆ ಎಂಬ ಪ್ರಾರ್ಥನೆ ಅಲ್ಲ. ನೋಡುವುದನ್ನು ಕಲಿಸು ಎಂದು ಕೇಳಿದ. ಉತ್ತರ ಬಂದಂತೆ ಅನಿಸಲಿಲ್ಲ.

ಮೇಲೆ ಬಂದಾಗ ಅವಳು ಹಾಗೇ ಕೂತಿದ್ದಳು.

"ನಿಮ್ಮ ಹೆಂಡತಿ ಹತ್ರ ಒಂದು ಪ್ರಶ್ನೆ ಕೇಳಿದ್ದೆ," ಎಂದಳು. "ಅವರು ಉತ್ತರ ಕೊಡಲಿಲ್ಲ."

"ಹೇಳಿದ್ಲು." ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದ. "ನಾನು ನಿಮ್ಮಲ್ಲಿ ಏನೂ ನೋಡಲಿಲ್ಲ. ನಿಮ್ಮಲ್ಲಿ ಯಾವ ದೋಷಾನೂ ಇರಲಿಲ್ಲ. ಇದ್ದದ್ದು ನನ್ನಲ್ಲಿ. ಹಳೇದು. ನೀವು ಈ ಊರಿಗೆ ಬರೋಕೆ ಮುಂಚಿನದು."

"ನಿಮ್ಮಲ್ಲಿದ್ದದ್ದಕ್ಕೆ ನನ್ನ ಕೈ ಯಾಕೆ ಸುಟ್ಟಿತು?"

ಅವನ ಕಣ್ಣು ತನ್ನಷ್ಟಕ್ಕೆ ನೆಲದ ಕಡೆ ಜಾರುತ್ತಿತ್ತು. ಅದನ್ನು ಹಿಡಿದು ನಿಲ್ಲಿಸಿದ. ಅವಳ ಮುಖ ನೋಡಿದ. ಹುಬ್ಬಿನ ಜಾಗದಲ್ಲಿ ಚಿಕ್ಕ ಚಿಕ್ಕ ಕೂದಲು ಮೂಡುತ್ತಿತ್ತು. ಒಂದು ಕೆನ್ನೆ ಗುಲಾಬಿ ಬಣ್ಣಕ್ಕೆ ತಿರುಗಿ ಹೊಳೆಯುತ್ತಿತ್ತು. ಅವನು ತಿಳಿದದ್ದಕ್ಕಿಂತ ವಯಸ್ಸಾದವಳು. ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. ತಾನು ಹೆದರುತ್ತಿದ್ದ ಆ ಹಳೆಯ ಆಸೆ ಬರುತ್ತದೆಂದು ಕಾದ. ಬಂತು, ಸಣ್ಣದಾಗಿ, ಪಕ್ಕದ ಕೋಣೆಯಲ್ಲಿ ಯಾರೋ ನಡೆದಾಡಿದಂತೆ. ಅವನು ಓಡಲಿಲ್ಲ. ಅದು ಅಲ್ಲೇ ಇತ್ತು, ಇವಳು ಇಲ್ಲಿದ್ದಳು, ಕೈ ನೋಯುತ್ತಿರುವ ಒಬ್ಬ ಹೆಂಗಸು.

"ಅವತ್ತು ನೀವು ಅಂಗಳದಲ್ಲಿ ನಿಲ್ತೀನಿ ಅಂದ್ರಿ," ಎಂದ. "ನಾನು ಬೇಡ ಅಂದದ್ದು ನಿಮಗೆ ಚಳಿ ಆಗುತ್ತೆ ಅಂತ ಅಲ್ಲ. ನಿಮಗೆ ಚಳಿ ಆಗ್ತಿದೆಯಾ ಅಂತ ನಾನು ನೋಡೇ ಇರಲಿಲ್ಲ. ನಾನು ಕೆಡದೆ ಉಳೀಬೇಕು ಅನ್ನೋದೊಂದೇ ತಲೇಲಿತ್ತು. ಅಷ್ಟು ಹೊತ್ತೂ ನನ್ನನ್ನೇ ನೋಡ್ಕೋತಾ ಇದ್ದೆ. ಹೆಂಗಸನ್ನ ನೋಡಬಾರದ ಹಾಗೆ ನೋಡೋದೂ ಇದೂ ಬೇರೆ ಬೇರೆ ಅಂತ ಅನ್ಕೊಂಡಿದ್ದೆ. ಎರಡರಲ್ಲೂ ಎದುರಿಗಿರೋವರು ಕಾಣಲ್ಲ."

ಟ್ವೈಲಾ ಕಿಟಕಿಯ ಕಡೆ ನೋಡಿದಳು. ಫರ್ನೇಸಿನ ಗಾಳಿ ನೆಲದ ಜಾಲರಿಯಿಂದ ಬರತೊಡಗಿತ್ತು. ಬೆಕ್ಕು ಇಳಿದು ಹೋಗಿ ಅದರ ಮೇಲೆ ಕೂತಿತು.

"ಇದನ್ನ ಕೇಳಿ ನಾನು ಭಾನುವಾರ ಬರ್ತೀನಿ ಅಂತ ಅನ್ಕೋಬೇಡಿ."

"ಅನ್ಕೊಂಡಿಲ್ಲ."

"ಕ್ಷಮಿಸಿದೆ ಅಂತಾನೂ."

"ಇಲ್ಲ."

"ಸರಿ." ಅವಳು ಬಟ್ಟೆ ಸುತ್ತಿದ ಕೈಯಿಂದ ಸಿಂಕಿನ ಕಡೆ ತೋರಿಸಿದಳು. "ಬಿಸಿನೀರು ಬರುತ್ತಾ ನೋಡಿ ಹೋಗಿ. ತಂಗಿ ಬಂದ ಮೇಲೆ ಸ್ನಾನ ಮಾಡಿಸ್ತೀನಿ ಅಂದಿದ್ದಾಳೆ. ತಿಂಗಳ ಮೇಲಾಯ್ತು ತಲೆಗೆ ನೀರು ಬಿದ್ದು."

ಆರ್ಲಿನ್ ನಲ್ಲಿ ತಿರುಗಿಸಿದ. ನೀರು ಕೆಮ್ಮುತ್ತ ಬಂದು ಆಮೇಲೆ ಸರಾಗವಾಯಿತು. ಅವನು ಅದರ ಕೆಳಗೆ ಬೆರಳು ಹಿಡಿದ. ಟ್ಯಾಂಕಿನ ಬಳಿ ಬರಿಗೈಯಲ್ಲಿ ಅಷ್ಟು ಹೊತ್ತು ನಿಂತಿದ್ದ ಬೆರಳುಗಳು ಮರದ ಕಡ್ಡಿಗಳಂತಿದ್ದವು. ನೀರು ಬೀಳುವುದು ಕಾಣುತ್ತಿತ್ತು, ತಾಗಿದ್ದು ತಿಳಿಯುತ್ತಿರಲಿಲ್ಲ.

"ಬಿಸಿ ಇದೆಯಾ?" ಎಂದಳು ಟ್ವೈಲಾ. ಎದ್ದು ಅವನ ಪಕ್ಕಕ್ಕೆ ಬಂದು ನಿಂತಿದ್ದಳು.

"ಗೊತ್ತಾಗ್ತಿಲ್ಲ. ನನ್ನ ಕೈ ಮರಗಟ್ಟಿದೆ."

"ನನ್ನದೂ ಪ್ರಯೋಜನ ಇಲ್ಲ."

ಅವನು ಕೈ ತೆಗೆಯಲಿಲ್ಲ. ಇಬ್ಬರೂ ಸಿಂಕಿನ ಮುಂದೆ ನಿಂತು, ಬೀಳುತ್ತಿದ್ದ ನೀರಿನಿಂದ ಆವಿ ಏಳುತ್ತದೆಯೇ ಎಂದು ನೋಡುತ್ತಿದ್ದರು.